ಕೀಮೋ ಕಾಲದ ಪಥ್ಯ



ನಮ್ಮ ಕಡೆ ರೋಗಿಯಾಗಲಿ, ರೋಗಿಯ ಜೊತೆ ಬಂದವರಾಗಲಿ ವೈದ್ಯರ ಎದುರಿನಿಂದ ಏಳುವ ಮುಂಚೆ ಒಂದು ಮಾತು ಕೇಳಿಯೇ ಕೇಳುತ್ತಾರೆ: ಊಟಕ್ಕೆ ಪಥ್ಯ ಏನು? ನೆಗಡಿ ಜ್ವರಕ್ಕೂ ಕೇಳುತ್ತಾರೆ, ಕಾಮಾಲೆಗೂ ಕೇಳುತ್ತಾರೆ, ಕಾಲು ಮುರಿದುಕೊಂಡಾಗಲೂ ಕೇಳುತ್ತಾರೆ. ದೊಡ್ಡ ಕರುಳಿನಲ್ಲೋ ಗುದನಾಳದಲ್ಲೋ ಕ್ಯಾನ್ಸರ್ ಇದೆ ಎಂದು ತಿಳಿದ ಮನೆಯವರ ಬಾಯಲ್ಲಿ ಈ ಪ್ರಶ್ನೆಗೆ ಇನ್ನಷ್ಟು ತೂಕ. ರೋಗ ಕೂತಿರುವುದೇ ತಿಂದದ್ದು ಹಾದುಹೋಗುವ ದಾರಿಯಲ್ಲಿ. ಆಸ್ಪತ್ರೆಯಲ್ಲಿ ಇದಕ್ಕೆ ಸಾಮಾನ್ಯವಾಗಿ ಸಿಗುವ ಉತ್ತರ ಎರಡು ಬಗೆ. ಒಂದು, ‘ಪಥ್ಯ ಏನೂ ಇಲ್ಲ, ಎಲ್ಲಾ ತಿನ್ನಿ.’ ಇನ್ನೊಂದು, ಕಷಾಯದ್ದೋ ವಿಟಮಿನ್ ಮಾತ್ರೆಯದ್ದೋ ಹೆಸರೆತ್ತಿದಾಗ, ‘ಅದೆಲ್ಲಾ ನಿಲ್ಲಿಸಿಬಿಡಿ.’ ಎರಡೂ ರೋಗಿಯ ಒಳಿತಿಗೆಂದೇ ಆಡಿದ ಮಾತು. ಆದರೆ ಎರಡರಿಂದಲೂ ಮಾತು ಅಲ್ಲಿಗೇ ಮುಗಿದುಹೋಗುತ್ತದೆ. ಆಮೇಲೆ ಅದೇ ಪ್ರಶ್ನೆ ಔಷಧಿ ಅಂಗಡಿಗೆ, ನೆಂಟರ ಫೋನಿಗೆ, ವಾಟ್ಸಾಪ್ ಗುಂಪಿಗೆ ಹೋಗುತ್ತದೆ. ಅಲ್ಲಿ ಉತ್ತರಕ್ಕೆ ಬರವಿಲ್ಲ.

ಈ ಹೊತ್ತು ನಾನು ವಾದಿಸಬೇಕೆಂದಿರುವುದು ಇಷ್ಟು. ಕೀಮೋ ನಡೆಯುತ್ತಿರುವಾಗ ಪೂರಕ ಆಹಾರ, ವಿಟಮಿನ್, ಮೂಲಿಕೆಗಳ ವಿಚಾರ ಚಿಕಿತ್ಸೆಯ ಒಳಗೇ ಸೇರಿದ್ದು. ಯಾವುದೇ ವಸ್ತುವನ್ನು ಬಿಡಿಯಾಗಿ ಮುಂದಿಟ್ಟುಕೊಂಡು ಇದು ಒಳ್ಳೆಯದು, ಇದು ಕೆಟ್ಟದ್ದು ಎಂದು ತೀರ್ಪು ಕೊಡಲು ಬರುವುದಿಲ್ಲ. ಎಷ್ಟು, ಯಾವಾಗ, ಯಾವ ಔಷಧದ ಜೊತೆ ಎಂಬುದರ ಮೇಲೆ ಗುಣವೂ ನಿಂತಿದೆ, ಅಪಾಯವೂ ನಿಂತಿದೆ. ಇದನ್ನು ಲೆಕ್ಕಹಾಕಬಲ್ಲವರು ಆ ಔಷಧ ಕೊಡುತ್ತಿರುವ ವೈದ್ಯರೇ. ಮನೆಯಲ್ಲಿ ಏನು ನಡೆಯುತ್ತಿದೆ ಎಂದು ಅವರಿಗೆ ತಿಳಿದಿದ್ದರೆ ಮಾತ್ರ. ತಿಳಿದುಕೊಳ್ಳುವ ಮೊದಲ ಹೊಣೆ ಅವರದ್ದೇ ಎಂಬುದೂ ನನ್ನ ವಾದದ ಭಾಗ.

ಕರುಳಿನ ಕ್ಯಾನ್ಸರಿಗೆ ಬಹುಕಾಲದಿಂದ ಬಳಕೆಯಲ್ಲಿರುವ ಚಿಕಿತ್ಸಾಕ್ರಮವೊಂದರಿಂದಲೇ ಶುರುಮಾಡೋಣ. ಅದರ ಹೆಸರು ಫಾಲ್‌ಫಾಕ್ಸ್. ಅದರಲ್ಲಿ ಮೂರು ಔಷಧಗಳು: ಫಾಲಿನಿಕ್ ಆಮ್ಲ, ಫ್ಲೋರೋಯುರಾಸಿಲ್, ಆಕ್ಸಾಲಿಪ್ಲಾಟಿನ್. ಫ್ಲೋರೋಯುರಾಸಿಲ್ 1957ರಲ್ಲಿ ಚಾರ್ಲ್ಸ್ ಹೈಡೆಲ್‌ಬರ್ಗರ್ ಮತ್ತು ಸಂಗಡಿಗರು ಪ್ರಕಟಪಡಿಸಿದ ಔಷಧ. ಇಂದಿಗೂ ಕರುಳಿನ ಕ್ಯಾನ್ಸರ್ ಚಿಕಿತ್ಸೆಯ ಬೆನ್ನೆಲುಬು ಅದೇ. ಜೀವಕೋಶ ತನ್ನ ಡಿಎನ್‌ಎ ಕಟ್ಟಿಕೊಳ್ಳಲು ಬೇಕಾದ ಒಂದು ಕಿಣ್ವಕ್ಕೆ ಅದು ಅಂಟಿಕೊಂಡು ಕೆಲಸ ನಿಲ್ಲಿಸುತ್ತದೆ. ಆ ಅಂಟು ಬಿಗಿಯಾಗಲು ಫೋಲೇಟ್ ಬೇಕು. ಆ ಕಾರಣಕ್ಕೇ ವೈದ್ಯರು ಫಾಲಿನಿಕ್ ಆಮ್ಲವನ್ನು ಅಳತೆ ಮಾಡಿ ರಕ್ತನಾಳಕ್ಕೆ ಕೊಡುತ್ತಾರೆ. ಫಾಲಿನಿಕ್ ಆಮ್ಲ ಮತ್ತೇನಲ್ಲ, ಸೊಪ್ಪು ಕಾಳುಗಳಲ್ಲಿರುವ, ಬಿ-ಕಾಂಪ್ಲೆಕ್ಸ್ ಮಾತ್ರೆಯಲ್ಲಿರುವ ಫೋಲೇಟ್ ಎಂಬ ವಿಟಮಿನ್ನಿನ ಒಂದು ರೂಪ. ಅಂದರೆ ಕರುಳಿನ ಕ್ಯಾನ್ಸರಿನ ಮುಖ್ಯ ಚಿಕಿತ್ಸೆಯ ಒಳಗೇ ಒಂದು ವಿಟಮಿನ್ ಔಷಧವಾಗಿ ಕೂತಿದೆ. ಅದು ಕೀಮೋದ ಗುಣವನ್ನು ಹೆಚ್ಚಿಸುವಂತೆ ಅದರ ನಂಜನ್ನೂ ಹೆಚ್ಚಿಸುತ್ತದೆ, ಬಾಯಿಹುಣ್ಣು, ಭೇದಿ, ಬಿಳಿ ರಕ್ತಕಣಗಳ ಕುಸಿತ ಎಲ್ಲವನ್ನೂ.

ಇದೇ ಫ್ಲೋರೋಯುರಾಸಿಲ್‌ನ ಮಾತ್ರೆಯ ರೂಪ ಕ್ಯಾಪ್ಸಿಟಾಬಿನ್. ಮನೆಯಲ್ಲೇ ನುಂಗಬಹುದು ಎಂಬ ಅನುಕೂಲದಿಂದ ದೂರದ ಊರಿನವರಿಗೆ ಇದನ್ನು ಬರೆಯುವುದು ಹೆಚ್ಚು. ಇದರ ಡೋಸನ್ನು ಫಾಲಿನಿಕ್ ಆಮ್ಲದ ಜೊತೆಯಿಲ್ಲದೆಯೇ ಲೆಕ್ಕಹಾಕಿರುತ್ತಾರೆ. ಈಗ ಒಬ್ಬ ರೋಗಿಯ ಔಷಧದ ಚೀಲವನ್ನು ಕಲ್ಪಿಸಿಕೊಳ್ಳಿ. ಕರುಳಿನ ಬಲಭಾಗದ ಗಡ್ಡೆ ಕಣ್ಣಿಗೆ ಕಾಣದಂತೆ ರಕ್ತ ಒಸರಿಸುತ್ತಿರುತ್ತದೆ, ಹಾಗಾಗಿ ರಕ್ತಹೀನತೆ ಸಾಮಾನ್ಯ. ಎಷ್ಟೋ ಜನರಲ್ಲಿ ರೋಗ ಪತ್ತೆಯಾಗುವುದೇ ಆ ಸುಸ್ತಿನಿಂದ. ಊರಿನ ಆರೋಗ್ಯ ಕೇಂದ್ರದಲ್ಲಿ ‘ರಕ್ತ ಹೆಚ್ಚಲಿ’ ಎಂದು ಕೊಟ್ಟ ಕಬ್ಬಿಣದ ಮಾತ್ರೆ ಚೀಲದಲ್ಲಿದೆ. ಸರ್ಕಾರಿ ಕಾರ್ಯಕ್ರಮದ ಆ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣದ ಜೊತೆ 500 ಮೈಕ್ರೋಗ್ರಾಂ ಫೋಲಿಕ್ ಆಮ್ಲವೂ ಇರುತ್ತದೆ. ಸುಸ್ತಿಗೆಂದು ಅಂಗಡಿಯಿಂದ ತಂದ ಬಿ-ಕಾಂಪ್ಲೆಕ್ಸ್ ಇದೆ. ಯಾರೋ ಹಿಂದೆ ಬರೆದುಕೊಟ್ಟ 5 ಮಿಲಿಗ್ರಾಂ ಫೋಲಿಕ್ ಆಮ್ಲದ ಸ್ಟ್ರಿಪ್ಪೂ ಇರಬಹುದು, ಅದು ನಮ್ಮಲ್ಲಿ ಬಲು ಸುಲಭವಾಗಿ ಸಿಗುವ ಮಾತ್ರೆ. ಚೀಲದಲ್ಲಿ ವಿಷವೆನ್ನುವಂಥದ್ದು ಒಂದೂ ಇಲ್ಲ. ಆದರೆ ಇವೆಲ್ಲ ಕ್ಯಾಪ್ಸಿಟಾಬಿನ್ ಜೊತೆ ಸೇರಿದಾಗ ಅಂಗೈ ಅಂಗಾಲು ಸುಲಿಯುವ, ಭೇದಿ ನಿಲ್ಲದ ಸ್ಥಿತಿ ಬಂದರೆ ವೈದ್ಯರು ಕ್ಯಾಪ್ಸಿಟಾಬಿನ್ ಡೋಸನ್ನು ಇಳಿಸುತ್ತಾರೆ. ರೋಗಿಗೆ ಬೇಕಾಗಿದ್ದ ಔಷಧ ಕಡಿಮೆಯಾಗುತ್ತದೆ, ಬೇಡವಾಗಿದ್ದ ಮಾತ್ರೆ ಮುಂದುವರಿಯುತ್ತದೆ. ಇದು ಬರಿಯ ಊಹೆಯಲ್ಲ. ದಿನಕ್ಕೆ 15 ಮಿಲಿಗ್ರಾಂ ಫೋಲಿಕ್ ಆಮ್ಲ ತೆಗೆದುಕೊಳ್ಳುತ್ತಿದ್ದ ರೋಗಿಯೊಬ್ಬರು ಕ್ಯಾಪ್ಸಿಟಾಬಿನ್ ನಂಜಿನಿಂದ ಸತ್ತದ್ದನ್ನು 2003ರಲ್ಲಿ ಫ್ರಾನ್ಸಿನ ವೈದ್ಯರು ವರದಿ ಮಾಡಿ, ಫೋಲಿಕ್ ಆಮ್ಲವೇ ಕಾರಣವಿರಬಹುದೇ ಎಂದು ಕೇಳಿದ್ದರು. ಈ ಗುಂಪಿನ ಔಷಧಗಳನ್ನು ಪೂರ್ವ ಏಷ್ಯಾದ ರೋಗಿಗಳು ಹೆಚ್ಚು ತಾಳಿಕೊಳ್ಳುತ್ತಾರೆ, ಅಮೆರಿಕದವರು ಕಡಿಮೆ ಎಂದು 2008ರಲ್ಲಿ ಪ್ರಕಟವಾದ ವಿಶ್ಲೇಷಣೆ ತೋರಿಸಿತು. ಅಮೆರಿಕದಲ್ಲಿ 1998ರಿಂದ ಹಿಟ್ಟಿಗೇ ಫೋಲಿಕ್ ಆಮ್ಲ ಬೆರೆಸುತ್ತಿರುವುದು ಇದಕ್ಕೆ ಒಂದು ಕಾರಣವಿರಬಹುದು ಎಂಬುದು ಸಂಶೋಧಕರ ಅನುಮಾನ.

ಹಾಗೆಂದು ಕೀಮೋ ಮುಗಿಯುವವರೆಗೆ ಸೊಪ್ಪಿನ ಸಾರು ಬಿಡಬೇಕೆಂದು ಯಾರೂ ತಿಳಿಯಬಾರದು. ಊಟದ ತಟ್ಟೆಯಲ್ಲಿರುವ ಫೋಲೇಟಿಗೆ ಯಾರೂ ಹೆದರಬೇಕಾಗಿಲ್ಲ. ಮಾತ್ರೆಯಲ್ಲಿ ದಟ್ಟವಾಗಿ ತುಂಬಿ, ದಿನವೂ, ಕೀಮೋ ಜೊತೆಗೇ ನುಂಗುವುದರ ಬಗ್ಗೆ ಎಚ್ಚರ ಬೇಕು. ರಕ್ತಹೀನತೆಗೂ ದಾರಿ ಮುಚ್ಚಿಲ್ಲ. ಫೋಲಿಕ್ ಆಮ್ಲವಿಲ್ಲದ ಕಬ್ಬಿಣವಿದೆ, ರಕ್ತನಾಳಕ್ಕೇ ಕೊಡುವ ಕಬ್ಬಿಣವಿದೆ. ಯಾವುದು ಸರಿ ಎಂದು ಆರಿಸಲು ವೈದ್ಯರು ಚೀಲ ಬಿಚ್ಚಿ ನೋಡಬೇಕು, ಅಷ್ಟೇ.

ಇಲ್ಲಿ ಬರುವ ಮೊದಲ ಆಕ್ಷೇಪ ಎಲ್ಲರಿಗೂ ಗೊತ್ತಿರುವಂಥದ್ದು. ಮಾತ್ರೆಯ ಕಥೆ ಹಾಗಿರಲಿ, ನಾವು ಕೊಡುವುದು ಅರಿಶಿನ, ಅಮೃತಬಳ್ಳಿ. ತಲೆತಲಾಂತರದಿಂದ ಬಂದದ್ದು, ಪ್ರಕೃತಿಯದ್ದು, ಅಡ್ಡಪರಿಣಾಮ ಇಲ್ಲದ್ದು. ಈ ನಂಬಿಕೆಯನ್ನು ನಾನು ಹಗುರವಾಗಿ ನೋಡುವುದಿಲ್ಲ. ಅದರ ಹಿಂದೆ ಒಂದು ಸಮಾಜದ ಅನುಭವವಿದೆ. ಆದರೆ ಇತ್ತ ಪ್ರಕೃತಿ, ಅತ್ತ ರಾಸಾಯನಿಕ ಎಂದು ಎಳೆದ ಗೆರೆ ಆಸ್ಪತ್ರೆಯ ಬಾಗಿಲಲ್ಲೇ ಅಳಿಸಿಹೋಗುತ್ತದೆ. ಕರುಳಿನ ಕ್ಯಾನ್ಸರಿಗೆ ಕೊಡುವ ಇನ್ನೊಂದು ಮುಖ್ಯ ಔಷಧ ಇರಿನೋಟೆಕಾನ್. ಅದರ ಮೂಲ ಕ್ಯಾಂಪ್ಟೊಥೆಸಿನ್ ಎಂಬ ಸಸ್ಯಸಾರ. ಮನ್‌ರೋ ವಾಲ್ ಮತ್ತು ಮಹಾರಾಷ್ಟ್ರ ಮೂಲದ ಮನಸುಖ್ ವಾನಿ 1966ರಲ್ಲಿ ಅದನ್ನು ಚೀನಾ ಮೂಲದ ಮರವೊಂದರಿಂದ ಬೇರ್ಪಡಿಸಿ ವರದಿ ಮಾಡಿದರು. 1972ರಲ್ಲಿ ಗೋವಿಂದಾಚಾರಿ ಮತ್ತು ವಿಶ್ವನಾಥನ್ ಅದೇ ಸಾರವನ್ನು ನಮ್ಮ ಪಶ್ಚಿಮ ಘಟ್ಟದಲ್ಲಿ ಬೆಳೆಯುವ, ಈಗ ನೋಥಪೋಡೈಟಿಸ್ ನಿಮ್ಮೋನಿಯಾನ ಎಂದು ಕರೆಯುವ ಮರದಲ್ಲಿ ಕಂಡರು. ಘಟ್ಟದ ಕಾಡಿನ ಮರದೊಳಗಿನ ಆ ಸಾರ ಎಷ್ಟು ಉಗ್ರ ಎಂಬುದು ಅದರ ಸಂತತಿಯ ಔಷಧ ತೆಗೆದುಕೊಂಡು ಭೇದಿಯಿಂದ ಬಳಲಿದವರಿಗೆ ಗೊತ್ತು. ಗಿಡದಿಂದ ಬಂದದ್ದು ಗುಣ ಮಾಡಬಲ್ಲದು ಎಂದು ಒಪ್ಪುವವರು ಅದು ಘಾಸಿಯನ್ನೂ ಮಾಡಬಲ್ಲದು ಎಂದು ಒಪ್ಪಲೇಬೇಕು.

ಗಿಡದ ಔಷಧವೊಂದು ಕೀಮೋವನ್ನು ಹೇಗೆ ಕೆಡಿಸಬಲ್ಲದು ಎಂಬುದನ್ನು ನೆದರ್ಲೆಂಡ್ಸಿನಲ್ಲಿ ಅಳೆದು ನೋಡಿದ್ದಾರೆ. ಯುರೋಪಿನಲ್ಲಿ ಖಿನ್ನತೆಗೆ ಬಳಸುವ ಸೇಂಟ್ ಜಾನ್ಸ್ ವರ್ಟ್ ಎಂಬ ಮೂಲಿಕೆಯನ್ನು ಇರಿನೋಟೆಕಾನ್ ಜೊತೆ ಕೊಟ್ಟಾಗ ಆ ಔಷಧದ ಸಕ್ರಿಯ ರೂಪ ರಕ್ತದಲ್ಲಿ ಶೇಕಡಾ 42ರಷ್ಟು ಕಡಿಮೆಯಾಯಿತು. 2002ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಇದ್ದವರು ಐದೇ ರೋಗಿಗಳು, ಆದರೂ ಪರಿಣಾಮ ಅಷ್ಟು ಸ್ಪಷ್ಟವಾಗಿತ್ತು. ರೋಗಿಗೆ ಇದು ತಿಳಿಯುವ ಬಗೆಯೇ ಇಲ್ಲ. ನಂಜು ಕಡಿಮೆ, ಸುಸ್ತು ಕಡಿಮೆ, ‘ಮೂಲಿಕೆಯಿಂದ ಕೀಮೋ ಸಹಿಸಲು ಶಕ್ತಿ ಬಂತು’ ಎಂದೇ ಅನ್ನಿಸಬಹುದು. ನಿಜದಲ್ಲಿ ಔಷಧವೇ ಹೆಚ್ಚುಕಡಿಮೆ ಅರ್ಧಕ್ಕಿಳಿದಿರುತ್ತದೆ.

ಅರಿಶಿನದ ವಿಚಾರಕ್ಕೆ ಬರೋಣ. ಒಂದು ಗ್ರಾಂ ಅರಿಶಿನಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ಸುಮಾರು 30 ಮಿಲಿಗ್ರಾಂ, ಅದೂ ಕರುಳಿನಿಂದ ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಔಷಧಶಾಸ್ತ್ರ ವಿಭಾಗದಿಂದ 1998ರಲ್ಲಿ ಹೊರಬಂದ ಅಧ್ಯಯನ ಈ ಕ್ಷೇತ್ರದಲ್ಲಿ ಜಗತ್ತಿನಾದ್ಯಂತ ಉಲ್ಲೇಖವಾಗುವಂಥದ್ದು. 2 ಗ್ರಾಂ ಕರ್ಕ್ಯುಮಿನ್ ಜೊತೆ ಕರಿಮೆಣಸಿನ ಸಾರವಾದ ಪೈಪರೀನನ್ನು ಕೇವಲ 20 ಮಿಲಿಗ್ರಾಂ ಕೊಟ್ಟಾಗ, ಸ್ವಯಂಸೇವಕರ ರಕ್ತಕ್ಕೆ ಸೇರಿದ ಕರ್ಕ್ಯುಮಿನ್ ಶೇಕಡಾ 2000ದಷ್ಟು ಹೆಚ್ಚಿತು. ಅಂದಿನಿಂದ ಕರ್ಕ್ಯುಮಿನ್ ಕ್ಯಾಪ್ಸೂಲುಗಳಿಗೆ ಪೈಪರೀನ್ ಸೇರಿಸುವುದು ರೂಢಿಯಾಯಿತು. ಮಾರಾಟಗಾರರು ಈ ಅಂಕಿಯನ್ನು ಡಬ್ಬಿಯ ಮೇಲೆ ಹೆಮ್ಮೆಯಿಂದ ಹಾಕುತ್ತಾರೆ. ಆ ಅಂಕಿ ಹೇಳುವ ಇನ್ನೊಂದು ಮಾತನ್ನು ಮಾತ್ರ ಯಾರೂ ಓದುವುದಿಲ್ಲ. ಹೊರಗಿನಿಂದ ಬಂದದ್ದನ್ನು ಕೆಡವಿ ಹೊರಹಾಕುವ ದೇಹದ ವ್ಯವಸ್ಥೆಯನ್ನು ಪೈಪರೀನ್ ತಡೆದದ್ದರಿಂದಲೇ ಅಷ್ಟು ಕರ್ಕ್ಯುಮಿನ್ ಉಳಿಯಿತು. ಇರಿನೋಟೆಕಾನನ್ನು ಸಂಭಾಳಿಸುವ ಕಿಣ್ವಗಳಲ್ಲೊಂದನ್ನು ಅದು ತಡೆಯುತ್ತದೆ ಎಂಬುದು ಪ್ರಯೋಗಾಲಯದಲ್ಲಿ ಕಂಡ ಸಂಗತಿ. ಸಾರಿಗೆ ಹಾಕುವ ಚಿಟಿಕೆ ಅರಿಶಿನ, ನಾಲ್ಕು ಮೆಣಸಿನಕಾಳು ಒಂದು ಲೆಕ್ಕ. ದಿನಕ್ಕೆರಡು ಕ್ಯಾಪ್ಸೂಲು ಬೇರೆಯೇ ಲೆಕ್ಕ. ಅಮೆರಿಕದಲ್ಲಿ ಔಷಧಗಳಿಂದಾಗುವ ಯಕೃತ್ತಿನ ಹಾನಿಯನ್ನು ದಾಖಲಿಸುವ ಜಾಲ 2022ರಲ್ಲಿ ಅರಿಶಿನದ ಸಪ್ಲಿಮೆಂಟಿನಿಂದಾದ ಹತ್ತು ಪ್ರಕರಣಗಳನ್ನು ವರದಿ ಮಾಡಿತು, ಅವರಲ್ಲಿ ಒಬ್ಬರು ಸತ್ತರು. ಕ್ಯಾನ್ಸರ್ ಯಕೃತ್ತಿಗೆ ಹರಡಿದ್ದರೆ ಆ ಅಂಗಕ್ಕೆ ಮೊದಲೇ ಹೊರೆ ಇರುತ್ತದೆ. ಕೀಮೋ ನಡುವೆ ಯಕೃತ್ತಿನ ಪರೀಕ್ಷೆಯ ಅಂಕಿಗಳು ಏರಿದರೆ ಅದು ರೋಗದಿಂದಲೋ, ಕೀಮೋದಿಂದಲೋ, ಕ್ಯಾಪ್ಸೂಲಿನಿಂದಲೋ ಎಂದು ವೈದ್ಯರು ಹೇಗೆ ಬಿಡಿಸಬೇಕು? ಕರ್ಕ್ಯುಮಿನ್‌ನಿಂದ ಪ್ರಯೋಜನವೇ ಇಲ್ಲ ಎಂದೂ ನಾನು ಹೇಳುತ್ತಿಲ್ಲ. ಇಂಗ್ಲೆಂಡಿನ ಲೆಸ್ಟರಿನಲ್ಲಿ ಫಾಲ್‌ಫಾಕ್ಸ್ ಜೊತೆ ಅದನ್ನು 28 ರೋಗಿಗಳಲ್ಲಿ ವೈದ್ಯರ ನಿಗಾದಲ್ಲೇ ಪರೀಕ್ಷಿಸಿದ್ದಾರೆ, ರೋಗಿಗಳು ತಾಳಿಕೊಂಡಿದ್ದಾರೆ. ಗುಣದ ಬಗ್ಗೆ ತೀರ್ಮಾನ ಹೇಳಲು ಆ ಸಂಖ್ಯೆ ಸಾಲದು.

ಅಮೃತಬಳ್ಳಿಯದ್ದು ಇನ್ನೂ ಕಾವೇರಿದ ಚರ್ಚೆ. ಕೋವಿಡ್ ಕಾಲದಲ್ಲಿ ಅದನ್ನು ಕುಡಿದವರಲ್ಲಿ ಯಕೃತ್ತಿನ ಉರಿಯೂತವನ್ನು ಮುಂಬೈನ ವೈದ್ಯರು 2021ರಲ್ಲಿ ವರದಿ ಮಾಡಿದರು. ಮರುವರ್ಷ ದೇಶದ 13 ಕೇಂದ್ರಗಳಿಂದ 43 ರೋಗಿಗಳ ವಿವರ ಪ್ರಕಟವಾಯಿತು. ಮುಂಬೈ ವರದಿಗೆ ಆಯುಷ್ ಸಚಿವಾಲಯ ಆಕ್ಷೇಪ ಎತ್ತಿತು: ಅವರು ಕುಡಿದದ್ದು ನಿಜವಾದ ಅಮೃತಬಳ್ಳಿಯೇ ಎಂದು ಗುರುತಿಸಿಲ್ಲ, ಅದನ್ನೇ ಹೋಲುವ ಬೇರೆ ಬಳ್ಳಿ ಇರಬಹುದು ಎಂದು. ಆಕ್ಷೇಪವನ್ನು ಒಪ್ಪಿಕೊಂಡೇ ಯೋಚಿಸಿ. ತಜ್ಞರೇ ಗೊಂದಲಗೊಳ್ಳುವಷ್ಟು ಹೋಲುವ ಬಳ್ಳಿಗಳಿದ್ದರೆ, ಪುಡಿಯಾಗಿ ಪೊಟ್ಟಣದಲ್ಲಿ ಬಂದದ್ದನ್ನು ರೋಗಿಯ ಮನೆಯವರು ಗುರುತಿಸುವುದುಂಟೇ? ಅಲ್ಲದೆ ಹಿಂದಿನವರ ಅನುಭವದಲ್ಲಿ ಈ ಬಳ್ಳಿಯ ಪಕ್ಕದಲ್ಲಿ ಆಕ್ಸಾಲಿಪ್ಲಾಟಿನ್ ಇರಲಿಲ್ಲ. ಹೊಟ್ಟೆ ಶುದ್ಧಿಗೆಂದು ರಾತ್ರಿ ತೆಗೆದುಕೊಳ್ಳುವ ತ್ರಿಫಲಾ ಚೂರ್ಣ ಕೂಡ ಇರಿನೋಟೆಕಾನ್ ಕೊಟ್ಟ ವಾರದಲ್ಲಿ ಬೇರೆಯದೇ ಪರಿಣಾಮ ಮಾಡುತ್ತದೆ. ಪರಂಪರೆಯ ಅನುಭವ ಸುಳ್ಳಾಗಬೇಕಿಲ್ಲ, ಸಂದರ್ಭ ಹೊಸದು.

ವಿಟಮಿನ್ ಸಿ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಅದರ ಪರೀಕ್ಷೆ ನಡೆದದ್ದು ಕರುಳಿನ ಕ್ಯಾನ್ಸರಿನಲ್ಲೇ. ಎರಡು ನೊಬೆಲ್ ಪಡೆದ ಲೈನಸ್ ಪಾಲಿಂಗ್ ಮತ್ತು ಸ್ಕಾಟ್ಲೆಂಡಿನ ವೈದ್ಯ ಯೂವನ್ ಕ್ಯಾಮರಾನ್, ದೊಡ್ಡ ಪ್ರಮಾಣದ ವಿಟಮಿನ್ ಸಿ ಕ್ಯಾನ್ಸರ್ ರೋಗಿಗಳ ಆಯುಸ್ಸನ್ನು ಬಹಳ ಹೆಚ್ಚಿಸುತ್ತದೆಂದು 1976ರಲ್ಲಿ ಬರೆದರು. ಅವರ ಹೋಲಿಕೆ ಹಳೆಯ ಕಡತಗಳ ರೋಗಿಗಳೊಂದಿಗೆ. ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಯಾದೃಚ್ಛಿಕವಾಗಿ ಹಂಚಿ ನೋಡಿದಾಗ ಲಾಭ ಕಾಣಲಿಲ್ಲ. ಆ ರೋಗಿಗಳು ಮೊದಲೇ ಕೀಮೋ ಪಡೆದವರು ಎಂದು ಪಾಲಿಂಗ್ ಆಕ್ಷೇಪಿಸಿದರು. ನ್ಯಾಯವಾದ ಆಕ್ಷೇಪವೇ. ಹಾಗಾಗಿ ಅಲ್ಲಿಯ ಚಾರ್ಲ್ಸ್ ಮೊರ್ಟೆಲ್ ತಂಡ ಕೀಮೋ ಪಡೆಯದ, ಮುಂದುವರಿದ ಕರುಳಿನ ಕ್ಯಾನ್ಸರಿನ 100 ರೋಗಿಗಳಿಗೆ ದಿನಕ್ಕೆ 10 ಗ್ರಾಂ ವಿಟಮಿನ್ ಸಿ ಅಥವಾ ಹುಸಿಮಾತ್ರೆ ಕೊಟ್ಟು 1985ರಲ್ಲಿ ಫಲಿತಾಂಶ ಪ್ರಕಟಿಸಿತು: ವ್ಯತ್ಯಾಸವಿಲ್ಲ. ಬಾಯಿಂದ ಕೊಟ್ಟರೆ ಆಗದು, ರಕ್ತನಾಳಕ್ಕೇ ಕೊಡಬೇಕು ಎಂಬ ವಾದ ಬಂತು. ಅದನ್ನೂ ಚೀನಾದಲ್ಲಿ ಹರಡಿದ ಕರುಳಿನ ಕ್ಯಾನ್ಸರಿನ 442 ರೋಗಿಗಳಲ್ಲಿ ಕೀಮೋ ಜೊತೆ ಪರೀಕ್ಷಿಸಿದರು. 2022ರ ಫಲಿತಾಂಶದಲ್ಲಿ ಒಟ್ಟಾರೆ ರೋಗ ಮತ್ತೆ ಬೆಳೆಯುವುದು ತಡವಾಗಲಿಲ್ಲ. ಒಂದು ಬಗೆಯ ಜೀನ್ ಬದಲಾವಣೆ ಇದ್ದವರಲ್ಲಿ ಮಾತ್ರ ಸಣ್ಣ ಸುಳಿವು ಕಂಡಿದೆ, ಅದಿನ್ನೂ ದೃಢಪಡಬೇಕು. ಐದು ದಶಕ ಒಂದು ಆಸೆಯನ್ನು ವಿಜ್ಞಾನ ತಳ್ಳಿಹಾಕದೆ, ಪ್ರತಿ ಆಕ್ಷೇಪಕ್ಕೂ ಹೊಸ ಪರೀಕ್ಷೆಯಿಂದ ಉತ್ತರಿಸಿದ ರೀತಿ ನನಗೆ ಗೌರವ ಹುಟ್ಟಿಸುತ್ತದೆ. ಇಷ್ಟಾದ ಮೇಲೂ ಡ್ರಿಪ್ಪಿಗೆ ಸಾವಿರಾರು ರೂಪಾಯಿ ತೆರುವ ಕುಟುಂಬಕ್ಕೆ ಈ ಚರಿತ್ರೆಯನ್ನು ಯಾರೂ ಹೇಳಿರುವುದಿಲ್ಲ. ಜಿ6ಪಿಡಿ ಕೊರತೆ ಇದ್ದವರಲ್ಲಿ ಆ ಡ್ರಿಪ್ಪು ಕೆಂಪು ರಕ್ತಕಣಗಳನ್ನೇ ಒಡೆಯಬಹುದು ಎಂಬುದನ್ನೂ ಹೇಳಿರುವುದಿಲ್ಲ.

ಹಾಗಿದ್ದರೆ ಎಲ್ಲವನ್ನೂ ನಿಲ್ಲಿಸಿ ಎನ್ನುವ ವೈದ್ಯರೇ ಸರಿಯಲ್ಲವೇ ಎಂಬುದು ಎರಡನೆಯ ಆಕ್ಷೇಪ. ಅಲ್ಲ. ಸೆಟುಕ್ಸಿಮಾಬ್, ಪ್ಯಾನಿಟುಮುಮಾಬ್ ಪಡೆಯುವವರ ರಕ್ತದಲ್ಲಿ ಮೆಗ್ನೀಸಿಯಂ ಕುಸಿಯುತ್ತದೆ, ಅದನ್ನು ತುಂಬಲೇಬೇಕು. ಸಣ್ಣ ಕರುಳಿನ ತುದಿಯನ್ನೂ ಕತ್ತರಿಸಿದ್ದರೆ ಬಿ12 ಹೀರಿಕೆ ಕುಗ್ಗಬಹುದು. ವಿಟಮಿನ್ ಡಿ ಕೊರತೆ ನಮ್ಮಲ್ಲಿ ಸಾಮಾನ್ಯ, ಕೊರತೆಯಿದ್ದರೆ ಸರಿಪಡಿಸಬೇಕು. ಅದು ಕ್ಯಾನ್ಸರಿಗೇ ಔಷಧ ಎಂಬ ಆಸೆ ಬೇರೆ, ಅಮೆರಿಕದಲ್ಲಿ 139 ರೋಗಿಗಳ, ಜಪಾನಿನಲ್ಲಿ 417 ರೋಗಿಗಳ ಪರೀಕ್ಷೆಗಳು 2019ರಲ್ಲಿ ಅದನ್ನು ಖಚಿತಪಡಿಸಲಿಲ್ಲ. ಸಾರಾಸಗಟು ನಿಷೇಧದ ದೊಡ್ಡ ಕೇಡು ಇನ್ನೊಂದು ಕಡೆ ಇದೆ. ಬೈಸಿಕೊಂಡ ರೋಗಿ ಪುಡಿಯನ್ನು ಬಿಡುವುದಿಲ್ಲ, ಹೇಳುವುದನ್ನು ಬಿಡುತ್ತಾನೆ. ಅಮೆರಿಕದಲ್ಲಿ 1990ರಲ್ಲಿ ನಡೆದು 1993ರಲ್ಲಿ ಪ್ರಕಟವಾದ ಪ್ರಸಿದ್ಧ ಸಮೀಕ್ಷೆಯಲ್ಲಿ, ಬದಲಿ ಚಿಕಿತ್ಸೆ ಬಳಸಿದವರಲ್ಲಿ ಶೇಕಡಾ 72 ಮಂದಿ ವೈದ್ಯರಿಗೆ ತಿಳಿಸಿರಲಿಲ್ಲ. ಏಕೆ ತಿಳಿಸಲಿಲ್ಲವೆಂದು ಕೇಳಿದ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಬರುವ ಕಾರಣಗಳು ಸರಳ: ಅವರು ಕೇಳಲಿಲ್ಲ, ಹೇಳಿದರೆ ಬೇಸರ ಮಾಡಿಕೊಳ್ಳುತ್ತಾರೆ.

ಮೌನದ ಬೆಲೆ ದೊಡ್ಡದು. 2018ರಲ್ಲಿ ಅಮೆರಿಕದ ಕ್ಯಾನ್ಸರ್ ದಾಖಲೆಗಳಿಂದ ಎರಡು ಅಧ್ಯಯನಗಳು ಬಂದವು. ಆಸ್ಪತ್ರೆ ಚಿಕಿತ್ಸೆಯನ್ನೇ ಬಿಟ್ಟು ಬದಲಿ ಚಿಕಿತ್ಸೆ ಹಿಡಿದ ಕರುಳಿನ ಕ್ಯಾನ್ಸರ್ ರೋಗಿಗಳಲ್ಲಿ ಸಾವಿನ ಅಪಾಯ ನಾಲ್ಕೂವರೆ ಪಟ್ಟು. ಎರಡನೆಯದು ನಮ್ಮ ವಿಷಯಕ್ಕೆ ಇನ್ನೂ ಹತ್ತಿರ. ಹಲವು ಬಗೆಯ ಕ್ಯಾನ್ಸರುಗಳಲ್ಲಿ ಆಸ್ಪತ್ರೆಯ ಚಿಕಿತ್ಸೆಯ ಜೊತೆಗೆ ಪೂರಕ ಚಿಕಿತ್ಸೆಯನ್ನೂ ಪಡೆದವರಲ್ಲಿ ಸಾವಿನ ಅಪಾಯ ಸುಮಾರು ಎರಡು ಪಟ್ಟಿತ್ತು. ಅದೇ ಗುಂಪಿನಲ್ಲಿ ಕೀಮೋ ನಿರಾಕರಿಸಿದವರು ಶೇಕಡಾ 34, ಉಳಿದವರಲ್ಲಿ ಕೇವಲ 3. ನಿರಾಕರಣೆ ಮತ್ತು ವಿಳಂಬವನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಆ ಹೆಚ್ಚುವರಿ ಅಪಾಯ ಉಳಿಯಲಿಲ್ಲ. ಅಂದರೆ ಕೊಂದದ್ದು ಪುಡಿಯಲ್ಲ, ಪುಡಿಯ ಭರವಸೆಯಲ್ಲಿ ಕೈಬಿಟ್ಟ ಚಿಕಿತ್ಸೆ. ಪುಡಿಯ ಬಗ್ಗೆ ಮಾತಾಡಲು ಬಾಗಿಲು ತೆರೆದಿಟ್ಟ ವೈದ್ಯರಿಗೆ ಮಾತ್ರ, ರೋಗಿ ಕೀಮೋ ಬಿಡುವ ಯೋಚನೆಯಲ್ಲಿದ್ದಾನೆ ಎಂಬ ಸುಳಿವು ಸಮಯಕ್ಕೆ ಸಿಕ್ಕೀತು.

ಮೂರನೆಯ ಆಕ್ಷೇಪ ವೈದ್ಯರದ್ದು: ಒಬ್ಬ ರೋಗಿಗೆ ಐದು ನಿಮಿಷ ಕೊಡುವುದೇ ಕಷ್ಟ, ಊಟದ ಮಾತು ಎಲ್ಲಿಂದ? ಬೆಂಗಳೂರಿನ ಕಿದ್ವಾಯಿಯಂಥ ಕ್ಯಾನ್ಸರ್ ಆಸ್ಪತ್ರೆಗೆ ರಾಜ್ಯದ ಮೂಲೆಮೂಲೆಯಿಂದ ಬರುವ ಜನರನ್ನು ಕಂಡವರು ಇದನ್ನು ನೆಪ ಎನ್ನಲಾರರು. ಆದರೆ ಕೇಳಲು ಬೇಕಾದದ್ದು ಒಂದು ಪ್ರಶ್ನೆ, ‘ನಾವು ಬರೆದದ್ದಲ್ಲದೆ ಇನ್ನೇನು ತೆಗೆದುಕೊಳ್ಳುತ್ತಿದ್ದೀರಿ? ಎಲ್ಲಾ ಡಬ್ಬಿ, ಪೊಟ್ಟಣ ಮುಂದಿನ ಸಲ ತನ್ನಿ.’ ಅದನ್ನು ನರ್ಸ್ ಕೇಳಬಹುದು, ಔಷಧಗಾರರು ನೋಡಬಹುದು, ಆಹಾರತಜ್ಞರು ಮುಂದುವರಿಸಬಹುದು. ಕೇಳುವ ದನಿಯಲ್ಲಿ ತಪಾಸಣೆಯ ಬಿಗಿ ಇರಬಾರದು. ರೋಗಿಯೂ ಕೇಳಬೇಕಾದದ್ದು ‘ಇದು ಒಳ್ಳೆಯದಾ?’ ಎಂದಲ್ಲ. ಇದು ನನ್ನ ಕೀಮೋ ಔಷಧದ ಜೊತೆ ಆಗುತ್ತದಾ, ಆಪರೇಷನ್ನಿಗೆ ಎಷ್ಟು ದಿನ ಮುಂಚೆ ನಿಲ್ಲಿಸಬೇಕು, ಇದರ ಬದಲು ಪರೀಕ್ಷೆ ಮಾಡಿಸಿ ನಿಜವಾದ ಕೊರತೆ ತುಂಬಬಹುದಾ ಎಂದು ಕೇಳಿದರೆ ವೈದ್ಯರಿಗೆ ತಲೆಯಾಡಿಸಿ ಕಳಿಸಲಾಗುವುದಿಲ್ಲ.

ಇನ್ನು ಈ ಎಲ್ಲ ಡಬ್ಬಿಗಳ ಗದ್ದಲದಲ್ಲಿ ಮರೆತುಹೋಗುವುದು ಊಟವೇ. ಕ್ಯಾನ್ಸರ್ ರೋಗಿಗೆ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 1 ಗ್ರಾಂಗಿಂತ ಹೆಚ್ಚು, ಸಾಧ್ಯವಾದರೆ 1.5 ಗ್ರಾಂವರೆಗೆ ಪ್ರೋಟೀನ್ ಬೇಕೆಂದು ಯುರೋಪಿನ ಪೋಷಣಾ ತಜ್ಞರ ಸಂಘದ ಮಾರ್ಗಸೂಚಿ ಹೇಳುತ್ತದೆ. ಕೊರತೆಯಿಲ್ಲದೆ ದೊಡ್ಡ ಡೋಸಿನ ವಿಟಮಿನ್ ಬೇಡವೆಂದೂ ಅದೇ ಹೇಳುತ್ತದೆ. 50 ಕಿಲೋ ತೂಕದವರಿಗೆ ಪ್ರೋಟೀನಿನ ಆ ಲೆಕ್ಕ 50ರಿಂದ 75 ಗ್ರಾಂ. ನಮ್ಮ ಮನೆಗಳಲ್ಲಿ ರೋಗಿಗೆ ಪ್ರೀತಿಯಿಂದ ಕೊಡುವುದು ರಾಗಿ ಗಂಜಿ. 30 ಗ್ರಾಂ ಹಿಟ್ಟಿನ ಒಂದು ಲೋಟ ಗಂಜಿಯಲ್ಲಿ ಪ್ರೋಟೀನ್ ಬರೀ 2 ಗ್ರಾಂ. ದಿನಕ್ಕೆ ನಾಲ್ಕು ಲೋಟ ಕುಡಿದರೂ 8. ಅದೇ ಗಂಜಿಯನ್ನು ಒಂದು ಲೋಟ ಹಾಲಿನಲ್ಲಿ ಮಾಡಿದರೆ 6 ಗ್ರಾಂ ಸೇರುತ್ತದೆ, ಒಂದು ಮೊಟ್ಟೆ ಇನ್ನೊಂದು 6, ಒಂದು ಹಿಡಿ ಕಡಲೆಕಾಯಿ ಪುಡಿ ಮಾಡಿ ಬೆರೆಸಿದರೆ 7. ಸಕ್ಕರೆ ಕ್ಯಾನ್ಸರನ್ನು ಬೆಳೆಸುತ್ತದೆಂದು ಅನ್ನ, ಹಾಲು, ಹಣ್ಣು ಎಲ್ಲವನ್ನೂ ಬಿಡಿಸಿ ತೂಕ ಇಳಿಸುವ ಮನೆಗಳಿಗೆ ಈ ಲೆಕ್ಕ ತುರ್ತಾಗಿ ತಲುಪಬೇಕು, ಏಕೆಂದರೆ ಮಾಂಸಖಂಡ ಕರಗಿದ ದೇಹ ಕೀಮೋವನ್ನು ತಾಳುವುದಿಲ್ಲ. ಹೊಟ್ಟೆಯ ಮೇಲೆ ಚೀಲ ಕಟ್ಟಿದ ಇಲಿಯಾಸ್ಟಮಿ ರೋಗಿಗೆ ಲೆಕ್ಕ ಮತ್ತೆ ಬದಲಾಗುತ್ತದೆ. ಅವರಿಗೆ ನಾರಿನ ಸೊಪ್ಪು, ಕೊಬ್ಬರಿ ಚೂರು ಮೊದಲ ವಾರಗಳಲ್ಲಿ ದಾರಿ ಕಟ್ಟಬಹುದು. ಬರಿ ನೀರು ಹೆಚ್ಚು ಕುಡಿದಷ್ಟೂ ಉಪ್ಪು ಹೊರಹೋಗಿ ನಿರ್ಜಲೀಕರಣ ಹೆಚ್ಚಬಹುದು, ಓಆರ್‌ಎಸ್ ಬೇಕು. ಆಕ್ಸಾಲಿಪ್ಲಾಟಿನ್ ಪಡೆದವರು ಫ್ರಿಜ್ಜಿನಿಂದ ತೆಗೆದ ಮಜ್ಜಿಗೆಯನ್ನೂ ಕೆಲವು ದಿನ ದೂರವಿಡಬೇಕು, ತಣ್ಣನೆಯದು ಗಂಟಲಿಗೆ ತಾಗಿದರೆ ಉಸಿರು ಕಟ್ಟಿದಂತಾಗುತ್ತದೆ. ಇದೆಲ್ಲ ಪಥ್ಯವಲ್ಲದೆ ಮತ್ತೇನು? ಪಥ್ಯ ಏನೂ ಇಲ್ಲ ಎಂದ ವೈದ್ಯರ ಬಳಿ ಇಷ್ಟೆಲ್ಲ ಹೇಳಲಿಕ್ಕಿತ್ತು.

ಈ ಮಾತುಕತೆ ಒಂದು ಸಲಕ್ಕೆ ಮುಗಿಯುವಂಥದ್ದಲ್ಲ ಎಂಬುದನ್ನು ವೈದ್ಯರೂ ರೋಗಿಗಳೂ ಗಮನಿಸಬೇಕು. ಆಪರೇಷನ್ನಿಗೆ ಮುಂಚೆ ರಕ್ತಸ್ರಾವ ಹೆಚ್ಚಿಸಬಹುದೆಂಬ ಶಂಕೆಯಿರುವ ಮೀನೆಣ್ಣೆ, ಬೆಳ್ಳುಳ್ಳಿ ಕ್ಯಾಪ್ಸೂಲುಗಳ ಪ್ರಶ್ನೆ. ಕೀಮೋದಲ್ಲಿ ಫೋಲಿಕ್ ಆಮ್ಲದ್ದು. ಬಿಳಿ ರಕ್ತಕಣ ಇಳಿದ ವಾರದಲ್ಲಿ ಪ್ರೋಬಯಾಟಿಕ್ ಪುಡಿಯದ್ದು. ಕೀಮೋ ಮುಗಿದ ಮೇಲೆ ಕೆಲವು ನಿರ್ಬಂಧಗಳು ಸಡಿಲವಾಗುತ್ತವೆ, ಕೆಲವು ಹೊಸ ಕೊರತೆಗಳು ಕಾಣಿಸಿಕೊಳ್ಳುತ್ತವೆ. ಆಗಲೂ ಫೋಲಿಕ್ ಆಮ್ಲ ಕಾಯುತ್ತದೆಂದು ಭಾವಿಸಬೇಕಾಗಿಲ್ಲ: ಕರುಳಿನಲ್ಲಿ ಹಿಂದೆ ಪಾಲಿಪ್ ತೆಗೆಸಿಕೊಂಡಿದ್ದ 1021 ಮಂದಿಗೆ ಉತ್ತರ ಅಮೆರಿಕದಲ್ಲಿ ದಿನಕ್ಕೆ 1 ಮಿಲಿಗ್ರಾಂ ಕೊಟ್ಟು ನೋಡಿದ ಅಧ್ಯಯನ, ಹೊಸ ಪಾಲಿಪ್‌ಗಳನ್ನು ಅದು ತಡೆಯುವುದಿಲ್ಲವೆಂದು 2007ರಲ್ಲಿ ತೋರಿಸಿತು. ಆದ್ದರಿಂದ ಕೊನೆಯ ಸುತ್ತಿನ ಕೀಮೋ ಮುಗಿಸಿ ಮನೆಗೆ ಹೊರಡುವಾಗ, ಮುಂದಿನ ಸ್ಕ್ಯಾನಿನ ದಿನಾಂಕದ ಕೆಳಗೆ ಬಿ12 ಮತ್ತು ಕಬ್ಬಿಣದ ಪರೀಕ್ಷೆ ಯಾವಾಗ, ಯಾವ ಮಾತ್ರೆ ಇನ್ನು ಬೇಡ, ಯಾವುದು ಬೇಕು ಎಂಬುದನ್ನು ಬಿಡುಗಡೆ ಚೀಟಿಯಲ್ಲಿ ಕನ್ನಡದಲ್ಲೇ ಬರೆದುಕೊಡಬೇಕು, ಬರೆಯದಿದ್ದರೆ ಬರೆಸಿಕೊಳ್ಳಬೇಕು.